ವೇಪ್ ಅಂದರೆ ‘ಬರೀ ನೀರಿನ ಹಬೆ’ಯೇ? ಶ್ವಾಸಕೋಶದಲ್ಲಿ ಉಳಿಯುವುದೇನು?

“ಇದು ಸಿಗರೇಟ್ ಅಲ್ಲ, ನೀರಿನ ಹಬೆ. ಎಳೆದದ್ದೆಲ್ಲ ಹೊರಗೆ ಬರುತ್ತದೆ.” ಇ-ಸಿಗರೇಟ್ ಅಥವಾ ವೇಪ್ ಬಗ್ಗೆ ಹುಡುಗರು ಹೇಳುವ ಮಾತಿದು. ಇದರಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು: ಅದು ನೀರಿನ ಹಬೆಯಲ್ಲ

ವೇಪ್‌ನೊಳಗಿನ ಬಿಸಿ ಕಾಯಿಲ್ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ ಮತ್ತು ಸಾಮಾನ್ಯವಾಗಿ ನಿಕೋಟಿನ್ ಇರುವ ದ್ರವವನ್ನು ಕಾಯಿಸುತ್ತದೆ. ಅದು ತಣ್ಣಗಾಗಿ ಅತಿ ಸಣ್ಣ ಹನಿಗಳಾಗುತ್ತದೆ. ಬಿಸಿ ಹೆಚ್ಚಾದರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಕಾಯಿಲ್‌ನಿಂದ ನಿಕ್ಕಲ್, ಕ್ರೋಮಿಯಂನಂಥ ಲೋಹದ ಕಣಗಳೂ ಸೇರಬಹುದು.

ಎರಡನೆಯದು: ಎಲ್ಲವೂ ಹೊರಗೆ ಬರುವುದಿಲ್ಲ

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಲಾರಿ ಧೂಳೆಬ್ಬಿಸಿದರೆ ಸೀನು ಬರುತ್ತದೆ. ದಪ್ಪ ಧೂಳನ್ನು ಮೂಗೇ ತಡೆಯಿತು ಎಂದರ್ಥ. ಜೋಳ ತೂರುವಾಗ ಕಾಳು ಹತ್ತಿರ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಉಸಿರಿನಲ್ಲೂ ಹಾಗೆಯೇ. ವೇಪ್‌ನ ಹನಿಗಳು ಹೆಚ್ಚಾಗಿ ಒಂದು ಮೈಕ್ರಾನ್‌ಗಿಂತ ಸಣ್ಣವು. ಬಾಯಿಯಿಂದ ಎಳೆಯುವುದರಿಂದ ಮೂಗಿನ ತಡೆಯೂ ಇಲ್ಲ. ಅವು ಗಾಳಿಗೂಡುಗಳವರೆಗೂ ಹೋಗಬಲ್ಲವು.

ಒಂದಷ್ಟು ಹನಿ ವಾಪಸ್ ಬರುತ್ತದೆ ನಿಜ. ಆದರೆ ಒಳಗಿನ ತೇವ ಹೀರಿ ಹನಿಗಳು ಉಬ್ಬುತ್ತವೆ, ಕವಲೊಡೆಯುವ ಕೊಳವೆಗಳ ಗೋಡೆಗೆ ಅಂಟುತ್ತವೆ. ದಮ್ಮು ಎಳೆದು ಉಸಿರು ಹಿಡಿದಷ್ಟೂ ಹೆಚ್ಚು ಹನಿ ಒಳಗೇ ಕೂರುತ್ತದೆ. ಮೇಲಿನ ಕೊಳವೆಗಳಲ್ಲಿ ಕಸ ಗುಡಿಸುವ ಸೂಕ್ಷ್ಮ ರೋಮಗಳಿವೆ. ಗಾಳಿಗೂಡುಗಳಲ್ಲಿ ಅವಿಲ್ಲ, ಅಲ್ಲಿ ಶುಚಿ ಮಾಡುವ ಕೆಲಸ ನಿಧಾನ.

ಹದಿಹರೆಯದವರಿಗೆ ಏಕೆ ಹೆಚ್ಚು ಅಪಾಯ?

ಶ್ವಾಸಕೋಶ ಇಪ್ಪತ್ತರ ಆಸುಪಾಸಿನವರೆಗೂ ಬೆಳೆಯುತ್ತಿರುತ್ತದೆ. ಬೆಳೆಯುವ ಮಿದುಳು ನಿಕೋಟಿನ್‌ಗೆ ಬೇಗ ಅಂಟಿಕೊಳ್ಳುತ್ತದೆ.

‘ಪರಿಮಳ ತಿನ್ನುವಂಥದ್ದೇ, ಏನಾಗುವುದಿಲ್ಲ’ ಎನ್ನುವವರೂ ಇದ್ದಾರೆ. ಹೊಟ್ಟೆಗೆ ಒಗ್ಗುವುದೆಲ್ಲ ಶ್ವಾಸಕೋಶಕ್ಕೆ ಒಗ್ಗದು. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರಿಗೆ ಶ್ವಾಸಕೋಶದ ತೀವ್ರ ಕಾಯಿಲೆ ಹರಡಿತು. 2020ರ ಫೆಬ್ರವರಿವರೆಗೆ 2,807 ಮಂದಿ ಆಸ್ಪತ್ರೆ ಸೇರಿದ್ದು ಅಥವಾ ಸತ್ತದ್ದು ದಾಖಲಾಯಿತು, ಸಾವು 68. ಮುಖ್ಯ ಶಂಕೆ ಬಿದ್ದದ್ದು ಗಾಂಜಾ ಅಂಶದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮೇಲೆ. ಮಾತ್ರೆಯಲ್ಲಿ, ಚರ್ಮದ ಕ್ರೀಮಿನಲ್ಲಿ ಬಳಸುವ ವಸ್ತುವೇ ಅದು!

ಕಾನೂನು ಏನು ಹೇಳುತ್ತದೆ?

ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು. 2019ರ ಕೇಂದ್ರ ಕಾಯ್ದೆಯಡಿ ಮೊದಲ ಬಾರಿ ಮಾರಿದರೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕದ್ದು ಮಾರುವ ವೇಪ್‌ನಲ್ಲಿ ಏನು ತುಂಬಿದ್ದಾರೆಂದು ಪರೀಕ್ಷಿಸುವವರಿಲ್ಲ.

ಮನೆಯಲ್ಲಿ ಪೆನ್‌ಡ್ರೈವ್‌ನಂಥ ವಸ್ತು, ಕಾರಣವಿಲ್ಲದ ಹಣ್ಣಿನ ವಾಸನೆ, ಬಿಡದ ಕೆಮ್ಮು ಕಂಡರೆ ಬೈಯುವ ಮುನ್ನ ಕೂತು ಮಾತಾಡಿ. ಉಸಿರಾಟದ ತೊಂದರೆ, ಎದೆನೋವು ಇದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ, ವೇಪ್ ವಿಷಯ ಮುಚ್ಚಿಡಬೇಡಿ. ಚಟ ಬಿಡಲು ರಾಷ್ಟ್ರೀಯ ಸಹಾಯವಾಣಿ: 1800-11-2356, ಕರೆ ಉಚಿತ.

ಮುಂದಿನ ಸಲ ‘ಬರೀ ಹಬೆ’ ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ, ಇದನ್ನು ಕಳಿಸಿ.