ಟೀವಿ ಕರೆದರೂ ಅಲೆಕ್ಸಾ ಓಗೊಡೋದ್ಯಾಕೆ?

2017ರ ಜನವರಿ. ಅಮೆರಿಕದ ಟೆಕ್ಸಸ್‌ನಲ್ಲಿ ಆರು ವರ್ಷದ ಹುಡುಗಿ, ಮಾತು ಕೇಳಿ ಕೆಲಸ ಮಾಡೋ ಸ್ಪೀಕರ್ ಅಲೆಕ್ಸಾ ಜೊತೆ ಗೊಂಬೆಮನೆ ಬಗ್ಗೆ ಹರಟಿದಳು. ಅದು ಆರ್ಡರ್ ಮಾಡೇಬಿಟ್ಟಿತು; ಗೊಂಬೆಮನೆ ಬಾಗಿಲಿಗೇ ಬಂತು, ಜೊತೆಗೆ ರಾಶಿ ಬಿಸ್ಕತ್ತು! ಸ್ಯಾನ್ ಡಿಯಾಗೋದ ಟೀವಿ ನಿರೂಪಕ ಈ ಸುದ್ದಿ ಹೇಳ್ತಾ ಅಲೆಕ್ಸಾ ಹೆಸರೆತ್ತಿ ಗೊಂಬೆಮನೆ ಆರ್ಡರ್‌ನ ಮಾತಾಡಿದ. ನೋಡ್ತಿದ್ದ ಕೆಲವರ ಮನೆಯ ಅಲೆಕ್ಸಾನೂ ಆರ್ಡರ್ ಮಾಡೋಕೆ ಹೊರಟಿತಂತೆ!

ಈ ಡಬ್ಬಿ ಸದಾ ಕಾಯೋದು ತನ್ನ ಹೆಸರಿನ ಸದ್ದಿಗೆ. ಕರೆದದ್ದು ಅಪ್ಪನೋ ಟೀವಿಯೋ, ಸಾಮಾನ್ಯವಾಗಿ ಅದಕ್ಕೆ ಎರಡೂ ಒಂದೇ. ಹೆಸರಿನಂಥ ಸದ್ದಿಗೂ ಒಮ್ಮೊಮ್ಮೆ ಎದ್ದುಬಿಡುತ್ತೆ.

ಹಾಗಾಗಿ ಕೇಳದ ವಸ್ತು ಮನೆಗೆ ಬಂದ್ರೆ, ಮಗುವನ್ನ ಬೈಯೋ ಮೊದಲು ಅಲೆಕ್ಸಾ ಆ್ಯಪ್‌ನಲ್ಲಿ ವಾಯ್ಸ್ ಹಿಸ್ಟರಿ ನೋಡಿ. ಅದು ಏನಂತ ಕೇಳಿಸಿಕೊಂಡಿತು ಅನ್ನೋದು ಅಲ್ಲೇ ಸಿಗುತ್ತೆ. ಮನೇಲಿ ಅಲೆಕ್ಸ್ ಅನ್ನೋರಿದ್ರೆ, ಕರೆಯೋ ಹೆಸರನ್ನ ‘ಎಕೋ’ ಅಂತ ಬದಲಿಸಿ. ಖರೀದಿಗೆ ಪಿನ್ ಇಡಿ. ಆ ಪಿನ್ನನ್ನ ಮಕ್ಕಳೆದುರು ಜೋರಾಗಿ ಹೇಳಬೇಡಿ ಮತ್ತೆ!