ಬಾಗಿಲು 443

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಬಾಗಿಲುಗಳು ನಾಲ್ಕು: ಪೂರ್ವಕ್ಕೆ ಎರಡು, ಉತ್ತರಕ್ಕೊಂದು, ದಕ್ಷಿಣಕ್ಕೊಂದು. ಯಾತ್ರಿಕರು ಬಹುಮಟ್ಟಿಗೆ ಒಳಹೊಗುವುದು ಉತ್ತರದ ಬಾಗಿಲಿನಿಂದ. ಯಾರೂ ಹೇಳಬೇಕಾಗಿಲ್ಲ, ಹಾದಿಯೇ ಅಲ್ಲಿಗೆ ಕರೆದೊಯ್ಯುತ್ತದೆ. ಹಿಂದೆ ದ್ವಾರಸಮುದ್ರವೆನಿಸಿದ್ದ ಈ ಊರಿನಲ್ಲಿಯೇ ಬಾಗಿಲುಗಳ ಕುರಿತು ನನಗೊಂದು ಪಾಠವಾಯಿತು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವಷ್ಟೆ. ಪ್ರವಾಸಿಗರು ಹೆಚ್ಚುವರೆಂದು ನಮ್ಮಣ್ಣ ಇಲ್ಲಿ ನಾಲ್ಕು ಕೋಣೆಗಳನ್ನು ಬಾಡಿಗೆಗಿಟ್ಟರು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಸೋದರಳಿಯ ಅದಕ್ಕೊಂದು ಜಾಲತಾಣ ಮಾಡಿಕೊಟ್ಟ. ಎರಡು ವಾರವಾದರೂ ಒಬ್ಬರೂ ಕೋಣೆ ಕೇಳಲಿಲ್ಲ.

“ಏನಪ್ಪಾ, ಮನೆ ಕಟ್ಟಿ ಬಾಗಿಲಿಡುವುದನ್ನೇ ಮರೆತೆಯಾ?” ಎಂದರು ಅಣ್ಣ.

“ಇಟ್ಟಿದ್ದೇನೆ ಮಾವ. ಜನ ಬಡಿಯುವ ಕಡೆ ಇಟ್ಟಿಲ್ಲ.”

ಜಾಲತಾಣವನ್ನು ಒದಗಿಸುವ ಸರ್ವರಿಗೆ 65,535 ಬಾಗಿಲುಗಳುಂಟಂತೆ. ‘ಪೋರ್ಟ್’ ಎಂದು ಅವುಗಳ ಹೆಸರು. ತೆರೆದ ಮಾತಿಗೆ 80, ಗೂಢಲಿಪಿಯಲ್ಲಿ ಸಾಗುವ ಮಾತಿಗೆ 443. ಈ ಎರಡನೆಯದನ್ನು ನೆಟ್‌ಸ್ಕೇಪ್ ಕಂಪನಿಯ ಕಿಪ್ ಹಿಕ್‌ಮನ್ ಅವರ ಹೆಸರಿನೊಡನೆ 1994ರ ಅಕ್ಟೋಬರಿನ ಅಧಿಕೃತ ಪಟ್ಟಿಯಲ್ಲಿ ಕಾಣಬಹುದು. ವಿಳಾಸದಲ್ಲಿ ಸಂಖ್ಯೆ ಬರೆಯದಿದ್ದರೆ ಬ್ರೌಸರು ಬಡಿಯುವುದು ಈ ಎರಡನ್ನೇ.

ಅಳಿಯ ಬಳಸಿದ ಟಾಮ್‌ಕ್ಯಾಟ್ ತಂತ್ರಾಂಶದ ವಾಡಿಕೆಯ ಭದ್ರ ಬಾಗಿಲು 8443. ಅದಕ್ಕೂ ಕಾರಣವುಂಟು. ಯೂನಿಕ್ಸ್ ಮನೆತನದ ಯಂತ್ರಗಳಲ್ಲಿ 1024ಕ್ಕಿಂತ ಕೆಳಗಿನ ಬಾಗಿಲುಗಳನ್ನು ತೆರೆಯುವ ಹಕ್ಕು ಸಾಮಾನ್ಯವಾಗಿ ಯಜಮಾನನ ಖಾತೆಗೆ ಮಾತ್ರ. ಹೊರಗಿನವರೊಡನೆ ಮಾತನಾಡುವ ಕಾರ್ಯಕ್ರಮಕ್ಕೆ ಆ ಹಕ್ಕನ್ನು ಕೊಟ್ಟರೆ, ಅದರಲ್ಲಿ ಕನ್ನ ಕೊರೆದವನಿಗೆ ಇಡೀ ಯಂತ್ರವೇ ವಶ. ಅಳಿಯ ತಾನು ಪರೀಕ್ಷಿಸುವಾಗ 8443 ಎಂದು ಬರೆದೇ ನೋಡಿದ್ದ. ಅವನಿಗೆ ಪುಟ ತೆರೆದಿತ್ತು! ತಿಳಿದವರ ಎಡವಟ್ಟು ಸಾಮಾನ್ಯವಾಗಿ ಇಂಥದೇ.

“ಹಾಗಾದರೆ 80 ತೆರೆದುಬಿಡು” ಎಂದರು ಅಣ್ಣ. ಅವನು ಒಪ್ಪಲಿಲ್ಲ. ಅತಿಥಿಗಳು ಬರೆಯುವ ಹೆಸರು, ದೂರವಾಣಿ, ಗುರುತಿನ ಚೀಟಿಯ ಸಂಖ್ಯೆಗಳು ಆ ದಾರಿಯಲ್ಲಿ ಅಂಚೆಕಾರ್ಡಿನಂತೆ ಸಾಗುತ್ತವೆ. ನಡುವೆ ನಿಂತವನು ಓದಿಕೊಳ್ಳಬಹುದು. ಕೊನೆಗೆ 443ರಲ್ಲಿ ಎನ್‌ಜಿನೆಕ್ಸ್ ಎಂಬ ಕಾವಲುಗಾರನನ್ನು ನಿಲ್ಲಿಸಿದ. ಬಂದವರನ್ನು ಅದು ಒಳಗಿನ 8443ಕ್ಕೆ ಒಪ್ಪಿಸುತ್ತದೆ. ಹೊರಗಿನಿಂದ ನೇರವಾಗಿ 8443ಕ್ಕೆ ಪ್ರವೇಶವಿಲ್ಲ. 80ಕ್ಕೆ ಬಂದವರಿಗೆ ‘443ಕ್ಕೆ ಹೋಗಿ’ ಎಂಬ ಉತ್ತರವೊಂದೇ.

ಸಂಜೆ ಅಣ್ಣ ಫೋನಿನಲ್ಲಿ ಬರಿಯ ವಿಳಾಸ ಬರೆದರು, ಪುಟ ತೆರೆಯಿತು. “ಈ ಎರಡು ವಾರ ಬಂದು ಹಿಂದಿರುಗಿದವರ ಲೆಕ್ಕ ಎಲ್ಲಿದೆ?” ಎಂದು ಕೇಳಿದರು.

ಬಾಗಿಲೇ ಇಲ್ಲದ ಕಡೆ ಬಡಿದವರ ಲೆಕ್ಕವನ್ನು ಟಾಮ್‌ಕ್ಯಾಟ್ ಇಟ್ಟಿರಲಿಲ್ಲ.