ಸ್ಪೆಂಗ್ಲರ್‌ನ ಸಂಜೆ, ಜಗಳೂರಿನ ಹುಣ್ಣಿಮೆ

ಪಶ್ಚಿಮದ ನಾಗರಿಕತೆ ಮುಳುಗುತ್ತಿದೆ ಎಂಬ ಮಾತು ಈಗ ಜಗಳೂರಿನ ಬಸ್ ನಿಲ್ದಾಣದಲ್ಲಿ ಕೂತವರ ಮೊಬೈಲಿಗೂ ಬರುತ್ತದೆ. ಅಲ್ಲಿ ಚರ್ಚುಗಳು ಖಾಲಿಯಾದವಂತೆ, ಸಂಸಾರಗಳು ಒಡೆದವಂತೆ, ಹುಟ್ಟುವ ಮಕ್ಕಳು ಕಡಿಮೆಯಾದರಂತೆ, ಹೊರಗಿನವರು ಬಂದು ತುಂಬಿಕೊಂಡರಂತೆ. ಕೇಳಿದವರು ‘ನಮ್ಮಲ್ಲೂ ಕಾಲ ಕೆಟ್ಟೈತಿ ಬಿಡಪ್ಪ’ ಎಂದು ನಿಟ್ಟುಸಿರು ಬಿಡುತ್ತಾರೆ. ಈ ಅಳಲು ಹೊಸದೇನಲ್ಲ. ಅದಕ್ಕೆ ಇನ್ನೂರು ವರ್ಷ ಮೀರಿದ ಚರಿತ್ರೆಯಿದೆ. ಅದೇ ಬೇರಿನಿಂದ ಒಡೆದ ಒಂದು ಕವಲು ಸುಮಾರು ಅರುವತ್ತು ವರ್ಷಗಳ ಹಿಂದೆಯೇ ಜಗಳೂರನ್ನು ಮುಟ್ಟಿತ್ತು. ಆಗ ಅದು ಬಂದದ್ದು ಬೇರೆಯದೇ ರೂಪದಲ್ಲಿ.

1967ರ ಮಹಾಚುನಾವಣೆಯಲ್ಲಿ ಚಿತ್ರದುರ್ಗ ಲೋಕಸಭಾ ಕ್ಷೇತ್ರದಿಂದ ಗೆದ್ದವರು ಜಗಳೂರಿನ ಜೆ. ಮಹಮದ್ ಇಮಾಂ. ಜನರ ಬಾಯಲ್ಲಿ ಅವರು ಇಮಾಂ ಸಾಹೇಬರು. ಪಕ್ಷ ರಾಜಾಜಿಯವರು ಕಟ್ಟಿದ ಸ್ವತಂತ್ರ ಪಕ್ಷ, ಗುರುತು ನಕ್ಷತ್ರ. ಆಗ ಜಗಳೂರು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಮುಗಿಲು ನೋಡಿಕೊಂಡು ಜೋಳ, ಶೇಂಗಾ ಬಿತ್ತುವ ಸೀಮೆ. ಕೆರೆ ತುಂಬಿದ ವರ್ಷವನ್ನು ಜನ ಬಹುಕಾಲ ನೆನಪಿಟ್ಟುಕೊಳ್ಳುವ ಸೀಮೆ. ಇಂಥ ಬಯಲಿನ ಒಬ್ಬರು, ‘ನಾವು ಸಂಪ್ರದಾಯವಾದಿಗಳು’ ಎಂದು ಹೇಳಿಕೊಳ್ಳಲು ಹಿಂಜರಿಯದ ಪಕ್ಷದ ಪರವಾಗಿ ದಿಲ್ಲಿಗೆ ಹೋದರು. ಆ ಪಕ್ಷದ ವಿಚಾರ ಎಲ್ಲಿಂದ ಹೊರಟು ಇಲ್ಲಿಗೆ ಬಂತು?

ಹಿಂದಕ್ಕೆ ಹೋದರೆ 1790ರ ಲಂಡನ್ ಸಿಗುತ್ತದೆ. ಫ್ರಾನ್ಸಿನ ಕ್ರಾಂತಿಯನ್ನು ಯುರೋಪಿನ ತರುಣರೆಲ್ಲ ಕೊಂಡಾಡುತ್ತಿದ್ದಾಗ, ಅದನ್ನು ಕಂಡು ಬೆಚ್ಚಿದವನು ಐರ್ಲೆಂಡಿನಲ್ಲಿ ಹುಟ್ಟಿದ ಎಡ್ಮಂಡ್ ಬರ್ಕ್. ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿ ನಡೆಸಿದ ದಬ್ಬಾಳಿಕೆಗಾಗಿ ವಾರನ್ ಹೇಸ್ಟಿಂಗ್ಸ್‌ನನ್ನು ಪಾರ್ಲಿಮೆಂಟಿನ ಕಟಕಟೆಗೆ ಎಳೆದವನೂ ಇವನೇ. ಸಮಾಜ ಎಂಬುದು ಸತ್ತವರು, ಬದುಕಿರುವವರು, ಇನ್ನು ಹುಟ್ಟಬೇಕಾದವರು ಸೇರಿ ಮಾಡಿಕೊಂಡ ಪಾಲುದಾರಿಕೆ. ಅದನ್ನು ಒಂದು ತಲೆಮಾರು ತನ್ನ ತರ್ಕ ನಂಬಿ ಕಿತ್ತು ಹಾಕಬಾರದು ಎಂಬುದು ಅವನ ವಾದ. ಮನುಷ್ಯನ ಪ್ರೀತಿ ಮೊದಲು ಹುಟ್ಟುವುದು ಮನೆ, ಕೇರಿ, ಊರು, ಗುಡಿಯಂಥ ಚಿಕ್ಕ ಬಳಗದಲ್ಲಿ, ದೇಶದ ಮೇಲಿನ ಪ್ರೀತಿ ಆಮೇಲಿನದು ಎಂದ. ಬದಲಾವಣೆಯೇ ಬೇಡ ಎಂದವನಲ್ಲ. ಹಳೆ ಮನೆಯ ಸೋರುವ ಮಾಳಿಗೆಯನ್ನು ದುರಸ್ತಿ ಮಾಡು, ಮನೆಯನ್ನೇ ಕೆಡವಬೇಡ ಎಂಬ ಧಾಟಿ ಅವನದು.

ಈ ಬೇರಿನಿಂದ ಮುಂದೆ ಎರಡು ಕವಲು ಒಡೆದವು. ಒಂದು ಜವಾಬ್ದಾರಿಯ ಕವಲು, ಇನ್ನೊಂದು ಹತಾಶೆಯದು.

ಹತಾಶೆಗೆ ದೊಡ್ಡ ಹೆಸರು ತಂದವನು ಓಸ್ವಾಲ್ಡ್ ಸ್ಪೆಂಗ್ಲರ್. ಹ್ಯಾಂಬರ್ಗಿನಲ್ಲಿ ಮೇಷ್ಟ್ರಾಗಿದ್ದು, ಆ ಕೆಲಸ ಬಿಟ್ಟು ಮ್ಯೂನಿಕ್‌ನಲ್ಲಿ ಒಂಟಿಯಾಗಿ ಕೂತು ಬರೆದ ಅವನ ಗ್ರಂಥದ ಮೊದಲ ಸಂಪುಟ 1918ರಲ್ಲಿ, ಜರ್ಮನಿ ಮೊದಲ ಮಹಾಯುದ್ಧದಲ್ಲಿ ಸೋತ ವರ್ಷವೇ ಹೊರಬಂತು. ಎರಡನೆಯದು 1922ರಲ್ಲಿ. ಪಶ್ಚಿಮಕ್ಕೆ ಜರ್ಮನ್ ಭಾಷೆಯಲ್ಲಿ ‘ಸಂಜೆಯ ನಾಡು’ ಎಂಬ ಅರ್ಥದ ಹಳೆಯ ಪದವೊಂದಿದೆ. ಆ ಸಂಜೆಯ ನಾಡಿನ ಮುಳುಗುವಿಕೆ ಎಂಬುದೇ ಗ್ರಂಥದ ಹೆಸರು. ಸಂಸ್ಕೃತಿಗಳು ಗಿಡಗಳ ಹಾಗೆ ಚಿಗುರಿ, ಹೂಬಿಟ್ಟು, ಒಣಗುತ್ತವೆ. ಪಶ್ಚಿಮಕ್ಕೆ ಈಗ ಮಾಗಿಯ ಕಾಲ. ಮುಂದೆ ಹಣದ ಆಳ್ವಿಕೆ ಮುಗಿದು ಸರ್ವಾಧಿಕಾರಿಗಳು ಬರುತ್ತಾರೆ ಎಂದು ಅವನು ಬರೆದ. ಸೋತು ಕುಗ್ಗಿದ ಜನ ಮುಗಿಬಿದ್ದು ಓದಿದರು. ಯುಗಗಳ ಲೆಕ್ಕ ಬಲ್ಲ ನಮ್ಮ ಹಳ್ಳಿಯ ಹಿರಿಯರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಾರದು. ಆದರೆ ನಮ್ಮ ಲೆಕ್ಕದಲ್ಲಿ ಕಲಿಯ ಬೆನ್ನಿಗೆ ಮತ್ತೆ ಕೃತಯುಗ ಬರುತ್ತದೆ. ಸ್ಪೆಂಗ್ಲರ್‌ನ ಗಿಡ ಒಣಗಿದರೆ ಮುಗಿಯಿತು, ಮತ್ತೆ ಚಿಗುರುವುದಿಲ್ಲ.

ಅದೇ ಹೊತ್ತಿನಲ್ಲಿ ಫ್ರಾನ್ಸಿನ ರೆನೆ ಗೆನಾನ್ ಎಂಬ ಚಿಂತಕನೂ ಆಧುನಿಕ ಜಗತ್ತಿನ ಬಿಕ್ಕಟ್ಟಿನ ಬಗ್ಗೆ 1927ರಲ್ಲಿ ಪುಸ್ತಕ ತಂದ. ಪಶ್ಚಿಮ ತನ್ನ ಪರಂಪರೆಯನ್ನು ಕಳೆದುಕೊಂಡಿದೆ, ಪೂರ್ವದಲ್ಲಿ ಅದಿನ್ನೂ ಉಸಿರಾಡುತ್ತಿದೆ ಎಂದ. ಬರೆದು ಸುಮ್ಮನಾಗಲಿಲ್ಲ. 1930ರಲ್ಲಿ ಕೈರೋಗೆ ಹೋಗಿ ಅಲ್ಲೇ ನೆಲೆಸಿ, ಅಬ್ದುಲ್ ವಾಹಿದ್ ಯಾಹ್ಯಾ ಎಂಬ ಹೆಸರಿನ ಮುಸಲ್ಮಾನನಾಗಿ ಬಾಳಿ, 1951ರಲ್ಲಿ ಅಲ್ಲೇ ತೀರಿಕೊಂಡ. ಇದನ್ನು ನಾನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಪಶ್ಚಿಮದ ಅವನತಿಯ ಬಗ್ಗೆ ಇಂದು ಕೂಗೆಬ್ಬಿಸುವ ಬಹಳ ಮಂದಿ ಅದರ ಹೊಣೆಯನ್ನು ಮುಸಲ್ಮಾನ ವಲಸೆಗಾರರ ತಲೆಗೆ ಕಟ್ಟುತ್ತಾರೆ. ಅದೇ ಅವನತಿಗಾಗಿ ಎಲ್ಲರಿಗಿಂತ ಆಳವಾಗಿ ಮರುಗಿದವನೊಬ್ಬ ನೆಮ್ಮದಿ ಹುಡುಕಿಕೊಂಡು ಹೋದದ್ದು ಇಸ್ಲಾಮಿನ ಬಾಗಿಲಿಗೆ.

ಇನ್ನು ಜವಾಬ್ದಾರಿಯ ಕವಲು. ಇಲ್ಲಿ ಗಾಂಧೀಜಿಯನ್ನು ಬಿಟ್ಟು ದಾಟುವಂತಿಲ್ಲ. 1909ರ ನವೆಂಬರಿನಲ್ಲಿ, ಲಂಡನ್ನಿನಿಂದ ದಕ್ಷಿಣ ಆಫ್ರಿಕಾಕ್ಕೆ ಮರಳುವ ಹಡಗಿನಲ್ಲಿ ಕೂತು ಗುಜರಾತಿಯಲ್ಲಿ ‘ಹಿಂದ್ ಸ್ವರಾಜ್’ ಬರೆದರು. ರೈಲು, ವಕೀಲಿ, ಆಸ್ಪತ್ರೆ ಯಾವುದನ್ನೂ ಅದರಲ್ಲಿ ಬಿಡಲಿಲ್ಲ. ಆಧುನಿಕ ನಾಗರಿಕತೆ ಅವರಿಗೆ ಒಂದು ಕಾಯಿಲೆಯಾಗಿ ಕಂಡಿತು. ಹೀಗೆ ಕಾಣುವ ಕಣ್ಣು ಕೊಟ್ಟವರಲ್ಲಿ ರಸ್ಕಿನ್, ಕಾರ್ಪೆಂಟರ್, ಟಾಲ್‌ಸ್ಟಾಯ್ ಇದ್ದರು. ಆದರೆ ಸ್ಪೆಂಗ್ಲರ್‌ಗಿಂತ ಒಂಬತ್ತು ವರ್ಷ ಮೊದಲೇ ಬರೆದ ಗಾಂಧಿ, ರೋಗ ಹೇಳಿ ಕೈಚೆಲ್ಲಲಿಲ್ಲ. ಮದ್ದು ನಿನ್ನ ಕೈಯಲ್ಲೇ ಇದೆ, ನಿನ್ನನ್ನು ನೀನು ಆಳಿಕೋ ಎಂದರು.

ಅವರ ಆಪ್ತ ರಾಜಾಜಿ ಹುಟ್ಟಿದ್ದು 1878ರಲ್ಲಿ, ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ. ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. 1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ರೈತರ ಹೊಲಗಳನ್ನು ಒಟ್ಟುಗೂಡಿಸಿ ಸಹಕಾರಿ ಬೇಸಾಯ ಮಾಡಿಸುವ ನಿರ್ಣಯ ತಂದಾಗ ಅವರು ಸಿಡಿದೆದ್ದರು. ಅದೇ ವರ್ಷ ಎನ್.ಜಿ. ರಂಗಾ, ಮಿನೂ ಮಸಾನಿ, ಕೆ.ಎಂ. ಮುನ್ಶಿ ಮೊದಲಾದವರೊಂದಿಗೆ ಸ್ವತಂತ್ರ ಪಕ್ಷ ಕಟ್ಟಿದರು. ಅಷ್ಟು ಹೊತ್ತಿಗೆ ಅವರಿಗೆ ಎಂಬತ್ತು ತುಂಬಿತ್ತು. ಪರ್ಮಿಟ್–ಲೈಸೆನ್ಸ್ ರಾಜ್ ಎಂಬ ಮಾತನ್ನು ದೇಶದ ಬಾಯಿಗೆ ಹಾಕಿದವರು ಅವರೇ. ಓಡುವ ಗಾಡಿಗೆ ಬ್ರೇಕೂ ಬೇಕು ಎಂಬುದು ಅವರ ನಿಲುವು. ಬ್ರೇಕನ್ನು ಪಶ್ಚಿಮಕ್ಕೂ ತೋರಿಸಿದರು: 1962ರಲ್ಲಿ, 83ನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಅಧ್ಯಕ್ಷ ಕೆನಡಿಯನ್ನು ಕಂಡು, ಅಣುಬಾಂಬಿನ ಪರೀಕ್ಷೆ ನಿಲ್ಲಿಸಿ ಎಂದು ಕೇಳಿಕೊಂಡರು.

1967ರಲ್ಲಿ ಈ ಪಕ್ಷ ಲೋಕಸಭೆಯಲ್ಲಿ 44 ಸ್ಥಾನ ಪಡೆದು ದೊಡ್ಡ ವಿರೋಧ ಪಕ್ಷವಾಯಿತು. ಆ 44ರಲ್ಲಿ ಇಮಾಂ ಸಾಹೇಬರೂ ಒಬ್ಬರು. ಉಡುಪಿಯಿಂದ ಗೆದ್ದ, ಐಸಿಎಸ್ ಅಧಿಕಾರಿಯಾಗಿದ್ದ ಜೆ.ಎಂ. ಲೋಬೊ ಪ್ರಭು ಇನ್ನೊಬ್ಬರು. ಒಬ್ಬ ಮುಸಲ್ಮಾನ, ಒಬ್ಬ ಕ್ರೈಸ್ತ. ಕನ್ನಡ ನೆಲದಲ್ಲಿ ಸಂಪ್ರದಾಯವಾದದ ನಕ್ಷತ್ರ ಹಿಡಿದು ಗೆದ್ದವರಲ್ಲಿ ಇಂಥವರೂ ಇದ್ದರು. ಹಾಗೆಂದು ಜಗಳೂರಿನ ರೈತ ಬರ್ಕ್‌ನನ್ನು ಓದಿ ಮತ ಹಾಕಿದ ಎಂದು ಹೇಳಿದರೆ ಸುಳ್ಳಾಗುತ್ತದೆ. ಇದೇ ಇಮಾಂ ಸಾಹೇಬರು 1957ರಲ್ಲಿ ಇದೇ ಚಿತ್ರದುರ್ಗದಿಂದ ಗೆದ್ದದ್ದು ಪ್ರಜಾ ಸಮಾಜವಾದಿ ಪಕ್ಷದಿಂದ. ಸಮಾಜವಾದಿಯಾಗಿದ್ದಾಗಲೂ ಜನ ಗೆಲ್ಲಿಸಿದರು, ಸಂಪ್ರದಾಯವಾದಿ ಪಕ್ಷಕ್ಕೆ ಬಂದಾಗಲೂ ಗೆಲ್ಲಿಸಿದರು. ಮತ ಬಿದ್ದದ್ದು ಸಿದ್ಧಾಂತಕ್ಕಿಂತ ಮನುಷ್ಯನಿಗೆ ಎಂದೇ ನಾನು ತಿಳಿಯುತ್ತೇನೆ. ಗೊತ್ತಿರುವ ಮುಖವನ್ನು ನಂಬುವ ಈ ಗುಣವನ್ನೇ ಬರ್ಕ್ ಚಿಕ್ಕ ಬಳಗದ ಪ್ರೀತಿ ಎಂದದ್ದು.

ಇಲ್ಲೊಂದು ಲೋಪವನ್ನೂ ಹೇಳಲೇಬೇಕು. ಹಳೆಯದನ್ನು ಕಾಪಾಡಿ ಎನ್ನುವ ವಾದಕ್ಕೆ ಗೇಣಿದಾರನ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ರೈತರು ಸತ್ಯಾಗ್ರಹಕ್ಕಿಳಿದಾಗ, ಅವರ ಪಾಲಿಗೆ ಹಳೆಯದೆಂದರೆ ಗೇಣಿ ಅಳೆಯುವ ಒಡೆಯನ ಕೊಳಗ. ಸ್ವತಂತ್ರ ಪಕ್ಷದ ಬೆನ್ನಿಗೆ ದೇಶದ ಹಲವೆಡೆ ರಾಜರು, ಜಮೀನ್ದಾರರು ನಿಂತಿದ್ದರು. ದೇವರಾಜ ಅರಸು ಅವರ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಸ್ವತಂತ್ರ ಪಕ್ಷ ಅದೇ ವರ್ಷ ಭಾರತೀಯ ಲೋಕದಳದಲ್ಲಿ ಕರಗಿತು. ಉಳುವವನಿಗೆ ಹೊಲ ಕೊಟ್ಟ ಕಾನೂನು ಸರಿಯಾದದ್ದೇ. ಅದನ್ನು ಒಪ್ಪದ ಸಂಪ್ರದಾಯವಾದ ನನಗೆ ಬೇಡ.

ಬೇಕಾದದ್ದು ಇನ್ನೊಂದಿದೆ. ಅದು ಜಗಳೂರಿನಲ್ಲೇ ಸಿಗುತ್ತದೆ.

ಸಿರಿಗೆರೆಯ ತರಳಬಾಳು ಮಠದ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ, ಮಾಘ ಮಾಸದ ತರಳಬಾಳು ಹುಣ್ಣಿಮೆಯನ್ನು ಮಠದ ಆವರಣದಿಂದ ಜನರ ನಡುವೆ ತರಲು ಹೊರಟಾಗ, ಮೊದಲ ಮಹೋತ್ಸವ ನಡೆದದ್ದು 1950ರಲ್ಲಿ ಜಗಳೂರಿನಲ್ಲಿ. ಮುಂದೆ ನಿಂತು ನಡೆಸಿದವರು ಇಮಾಂ ಸಾಹೇಬರು. ಲಿಂಗಾಯತ ಮಠದ ಹಬ್ಬದ ಹೊಣೆಯನ್ನು ಊರಿನ ಮುಸಲ್ಮಾನ ಮುಖಂಡರು ಹೊತ್ತರು. ಪರಂಪರೆ ಉಳಿಯುವುದು ಹೀಗೆ ಹೆಗಲು ಕೊಟ್ಟಾಗ. ಹೊರಗಿನವರು ಯಾರು, ಒಳಗಿನವರು ಯಾರು ಎಂದು ಎಣಿಸುತ್ತ ಕೂತರೆ ಉಳಿಯುವುದಿಲ್ಲ. ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತಂದು ಜಗಳೂರು ಸೀಮೆಯ ಕೆರೆ ತುಂಬಿಸುವ 57 ಕೆರೆಗಳ ಯೋಜನೆಗಾಗಿ ಸರ್ಕಾರದ ಬೆನ್ನು ಬಿದ್ದದ್ದೂ ಸಿರಿಗೆರೆ ಮಠವೇ.

ಇದನ್ನು ಓದುತ್ತಿರುವ ಜಗಳೂರಿನ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ನಾಗರಿಕತೆ ಮುಳುಗಿತು ಎಂಬ ವಿಡಿಯೋವನ್ನು ಹುಡುಗರು ತಂದು ತೋರಿಸಿದರೆ ಬೈಯಬೇಡಿ. ಕೂರಿಸಿಕೊಂಡು 1950ರ ಹುಣ್ಣಿಮೆಯ ಕಥೆ ಹೇಳಿ. ಅದನ್ನು ಕಂಡ ಹಿರಿಯರು ಯಾರಾದರೂ ನಿಮ್ಮೂರಲ್ಲಿ ಉಳಿದಿದ್ದರೆ, ಈ ಬೇಸಿಗೆ ರಜೆಯಲ್ಲೇ ಹುಡುಗರನ್ನು ಅವರ ಮನೆಗೆ ಕಳಿಸಿ, ಅವರ ಮಾತನ್ನು ಬರೆಸಿಡಿ.